ಅಂಡರ್‌ಪಾಸಿನ ಮದುಮಗಳು

ಮಳೆ ಬರಲಿಲ್ಲ ಎಂದು ಗೋಳಾಡುವುದು, ಬಂದ ಕೂಡಲೇ ಅದರೊಳಗೆ ಕಾರು ಇಳಿಸುವುದು. ಮರುಭೂಮಿಯ ನಡುವಿನ ನಮ್ಮ ಟೂಸಾನ್ ಊರಿನ ಜನಕ್ಕೆ ಈ ಎರಡು ಬಿಟ್ಟು ಮೂರನೆಯದು ಗೊತ್ತಿಲ್ಲ. ತಿಂಗಳುಗಟ್ಟಲೆ ಒಂದು ಹನಿ ಇಲ್ಲದೆ ಜಾಲಿ ಮರಗಳೂ ಬಾಯಿ ಬಿಡುವ ಊರು ಇದು. ಬೇಸಿಗೆಯ ಕೊನೆಗೆ ಒಂದು ಮಧ್ಯಾಹ್ನ ಗುಡ್ಡದ ಕಡೆ ಕಪ್ಪಗಾಗಿ, ಧೂಳೆದ್ದು, ಆಮೇಲೆ ಸುರಿಯುತ್ತದೆ ನೋಡಿ! ಅರ್ಧ ಗಂಟೆಯೊಳಗೆ ರೈಲು ಹಳಿಯ ಕೆಳಗಿನ ಅಂಡರ್‌ಪಾಸು ಕೆರೆಯಾಗುತ್ತದೆ. ಎರಡೂ ಕಡೆ ಹಳದಿ ಬೋರ್ಡು ಇದೆ, ನೀರು ಎಷ್ಟು ನಿಂತಿದೆ ಎಂದು ತೋರಿಸುವ ಗೆರೆಗಳು ಗೋಡೆಯ ಮೇಲಿವೆ. ಆದರೂ ವರ್ಷಕ್ಕೊಬ್ಬ ಮಹಾನುಭಾವ ಇಳಿಸಿಯೇ ಇಳಿಸುತ್ತಾನೆ. ಆಮೇಲೆ ಕಾರಿನ ನೆತ್ತಿಯ ಮೇಲೆ ಕೂತುಕೊಂಡು "ಮುಂದೆ ಬಸ್ಸು ಹೋಯ್ತಲ್ಲ, ಅದಕ್ಕೆ ಬಂದೆ" ಎನ್ನುತ್ತಾನೆ. ಅಯ್ಯಾ ಪುಣ್ಯಾತ್ಮ, ಬಸ್ಸಿನ ಎತ್ತರ ಎಷ್ಟು, ನಿನ್ನ ಡಬ್ಬಿಯ ಎತ್ತರ ಎಷ್ಟು!

ಇದನ್ನೆಲ್ಲ ನಾನು ಕೂತಲ್ಲಿಂದಲೇ ನೋಡುತ್ತೇನೆ. ಅಂಡರ್‌ಪಾಸಿಗೆ ಇಳಿಯುವ ರಸ್ತೆಯ ನೆತ್ತಿಯಲ್ಲೇ ನನ್ನ ಕ್ಷೌರದಂಗಡಿ. ಮೊದಲು ನನ್ನಪ್ಪನದು, ಈಗ ನನ್ನದು. ನನ್ನ ಹೆಸರು ರುತೀಲಿಯೋ. ಕತ್ತರಿ ಆಡುವ ಹೊತ್ತಿಗೆ ಬಾಯಿಯೂ ಆಡುತ್ತದೆ ಎಂದು ಕೇರಿಯವರು ದೂರುತ್ತಾರೆ. ಅದು ಕಸುಬಿನ ಗುಣ, ನಾನೇನು ಮಾಡಲಿ? ಬಾಯಿ ಕಟ್ಟಿಕೊಂಡು ತಲೆ ಕೆರೆಯುವವನ ಹತ್ತಿರ ಯಾರು ಬರುತ್ತಾರೆ?

ನಮ್ಮ ಈ ಕೆರೆಗೊಂದು ಕತೆ ಇದೆ. ಕೇರಿಯ ಯಾವ ಮಗುವನ್ನು ಕೇಳಿದರೂ ಒಪ್ಪಿಸುತ್ತದೆ. ಬಹಳ ಹಿಂದೆ ಒಬ್ಬ ಮದುಮಗ ಕಂಠಪೂರ್ತಿ ಕುಡಿದು, ಮದುಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹಳಿಯಾಚೆಯ ಚರ್ಚಿಗೆ ಹೊರಟನಂತೆ. ದಾರಿಯಲ್ಲಿ ಮಳೆ ಹೊಡೆಯಿತಂತೆ. ಬೇಡ ಬೇಡ ಎಂದು ಅವಳು ಅತ್ತರೂ ಕೇಳದೆ ಆ ಕುಡುಕ ಕಾರನ್ನು ನೀರಿಗೆ ಬಿಟ್ಟನಂತೆ. ತಾನು ಈಜಿ ಪಾರಾದ, ಅವಳು ಬಿಳಿ ಉಡುಪಿನಲ್ಲೇ ಮುಳುಗಿದಳು. ಮರುದಿನ ನೀರಿಳಿದಾಗ ಸಿಕ್ಕಿದ್ದು ಅವಳ ತಲೆಮುಸುಕು ಮಾತ್ರ. ಅಂದಿನಿಂದ ಮೊದಲ ಮಳೆಯ ದಿನ ಅವಳು ಸೇತುವೆಯ ಕೆಳಗೆ ನಿಂತು ಬರುವ ಕಾರುಗಳನ್ನು ತಡೆಯುತ್ತಾಳಂತೆ. ತಡೆದರೂ ಇಳಿಸುತ್ತಾರಲ್ಲ, ಅದು ಬೇರೆ ಮಾತು.

ಇಳಿಜಾರಿನ ಗೋಡೆಯಲ್ಲಿ ಅವಳಿಗೊಂದು ಗೂಡು ಇದೆ. ಮೇಣದಬತ್ತಿ ಹಚ್ಚುತ್ತಾರೆ, ಬೆಳಗಿನವರೆಗೂ ಆರದೆ ಉರಿದರೆ ಬೇಡಿದ್ದು ನಡೆಯಿತು ಎಂದೇ ಲೆಕ್ಕ. ಗೂಡಿನ ಪಕ್ಕದಲ್ಲಿ ಒಂದು ಹಳೆಯ ವೀಲ್ ಕ್ಯಾಪನ್ನು ಮೊಳೆ ಹೊಡೆದು ನೇತು ಹಾಕಿದ್ದಾರೆ. ಅದು ಮದುಮಗನ ಪಾಲಿನದು. ಬತ್ತಿ ಹಚ್ಚಿದವರು ಹೋಗುವಾಗ ಒಂದು ಸಣ್ಣ ಕಲ್ಲನ್ನು ಅದಕ್ಕೆ ಠಣ್ಣೆಂದು ಬೀಸಿ, "ತಗೋ ಕುಡುಕ" ಎಂದು ಹೋಗಬೇಕು. ಆ ದುರ್ದಿನದ ಕಾರಿನದೇ ವೀಲ್ ಕ್ಯಾಪು ಅದು ಎಂದು ಎಲ್ಲರೂ ಆಣೆ ಇಟ್ಟು ಹೇಳುತ್ತಾರೆ. ಸುಳ್ಳು. ಅದು ನನ್ನ ಚಿಕ್ಕಪ್ಪನ ಹಳೇ ಟ್ರಕ್ಕಿನದು, ನಾನೇ ನೋಡಿದ್ದೇನೆ.

ಇನ್ನೊಂದು ವಿಷಯವೂ ನನಗೆ ಗೊತ್ತು. ಆ ಮುಳುಗಿದ ಮದುಮಗಳು ಪ್ರತಿ ಎರಡನೇ ಶನಿವಾರ ನನ್ನ ಅಂಗಡಿಗೆ ಬರುತ್ತಾಳೆ, ಗಂಡನನ್ನು ಕ್ಷೌರಕ್ಕೆ ಬಿಟ್ಟು ಹೋಗಲು.

ಅವರ ಹೆಸರು ಎಲೋದಿಯಾ. ಎಪ್ಪತ್ತು ದಾಟಿದೆ. ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬರುವಷ್ಟು ಎತ್ತರ, ಅದಕ್ಕೆ ತಕ್ಕ ಹೆಗಲು. ಜೀವಮಾನವಿಡೀ ತೋರ್ತಿಯಾ ರೊಟ್ಟಿ ತಟ್ಟಿದ ಕೈ. ನಮ್ಮ ಕಡೆಯ ಮೈದಾ ತೋರ್ತಿಯಾ ಎಂದರೆ ಅಂಗೈಯಗಲದ್ದಲ್ಲ, ಮೊಣಕೈಯಿಂದ ಮೊಣಕೈವರೆಗೆ ಬೀಸಿ ಬೀಸಿ ಹಿಗ್ಗಿಸಬೇಕು, ಆಚೆ ಇದ್ದವರ ಮುಖ ಕಾಣಬೇಕು. ಹಿಟ್ಟಿನ ಮೂಟೆಯನ್ನು ಇಂದಿಗೂ ಬೇರೆಯವರ ಕೈಗೆ ಕೊಡುವುದಿಲ್ಲ, ತಾವೇ ಹೆಗಲಿಗೇರಿಸುತ್ತಾರೆ. ಗಂಡ ಲಿಬ್ರಾದೋ ಇದಕ್ಕೆ ಪೂರಾ ಉಲ್ಟಾ. ನನ್ನ ಕುರ್ಚಿಯಲ್ಲಿ ಕೂತರೆ ಕಾಲು ನೆಲಕ್ಕೆ ತಾಗುವುದಿಲ್ಲ. ಹೊಲಿಗೆ ಯಂತ್ರ ರಿಪೇರಿ ಮಾಡುವ ಮನುಷ್ಯ, ಮಾತು ಕಡಿಮೆ, ಮೀಸೆ ಮಾತ್ರ ಭಾರಿ. ಮದುವೆಮನೆಗಳಲ್ಲಿ ಯಾರಾದರೂ ಬಿಯರು ಕೈಗಿಟ್ಟರೆ ಹಿಂದೆ ಹೋಗಿ ಗಿಡದ ಬುಡಕ್ಕೆ ಸುರಿದು ಬರುವವನು. ಅವನಿಗೆ ಗೊತ್ತಿರುವುದು ಒಂದೇ, ದಾಸವಾಳದ ಶರಬತ್ತು.

ಅವರ ಮದುವೆಯ ದಿನ ಅಂಡರ್‌ಪಾಸಿನಲ್ಲಿ ಕಾರು ಮುಳುಗಿದ್ದು ನಿಜ. ತಲೆಮುಸುಕು ನೀರಿನಲ್ಲಿ ಹೋದದ್ದೂ ನಿಜ. ಆದರೆ ಇಬ್ಬರೂ ಒದ್ದೆ ಬಟ್ಟೆಯಲ್ಲೇ ಹಿಂಬಾಗಿಲಿನಿಂದ ಚರ್ಚಿಗೆ ಹೋಗಿ, ಕೈಬೆರಳಲ್ಲೆಣಿಸುವಷ್ಟು ಜನರ ಮುಂದೆ ಮದುವೆಯಾದರು. ಆ ವಾರವೇ ದ್ರಾಕ್ಷಿ ಕೀಳುವ ಕೆಲಸಕ್ಕೆಂದು ಕ್ಯಾಲಿಫೋರ್ನಿಯಾಕ್ಕೆ ಹೊರಟುಹೋದರು. ಮೂರು ಮಕ್ಕಳಾಗುವವರೆಗೂ ಇತ್ತ ತಲೆ ಹಾಕಲಿಲ್ಲ. ಇಲ್ಲಿ ನಮ್ಮ ಜನ ಸುಮ್ಮನಿರುತ್ತಾರೆಯೇ? ಮುಸುಕು ಸಿಕ್ಕಿತು, ಮದುಮಗಳು ಕಾಣಲಿಲ್ಲ, ಮುಗಿಯಿತು ಕತೆ.

ತಿರುಗಿ ಬಂದ ಎಲೋದಿಯಾ ಇಳಿಜಾರಿನ ಗೂಡು ನೋಡಿದರು. ಅಲ್ಲೇ ಐಸ್ ಹೆರೆದು ಶರಬತ್ತು ಸುರಿದು ಮಾರುವ ಚೋನಾಳನ್ನು ಕೇಳಿದರು. ಅವಳು ಮೇಣದಬತ್ತಿಯನ್ನೂ ಮಾರುತ್ತಾಳೆ. "ಪಾಪ, ಯಾವುದೋ ಹುಡುಗಿ, ಮದುವೆ ದಿನಾನೇ ಹೋಗ್ಬಿಟ್ಳು" ಎಂದಳು ಚೋನಾ. ಎಲೋದಿಯಾ ಚೀಲದಿಂದ ಚಿಲ್ಲರೆ ತೆಗೆದರು. ತಾನೂ ಅಂಥದೇ ನೀರಿನಿಂದ ಪಾರಾದವಳಲ್ಲವೇ ಎಂದು ಬತ್ತಿ ಕೊಂಡು ಹಚ್ಚಿದರು. ಒಂದು ವಾರ ಸಂಜೆ ಸಂಜೆ ಬಂದು ಜಪಸರ ಎಣಿಸಿದರು, ಒಂದೆರಡು ದಿನ ಕಣ್ಣೀರೂ ಹಾಕಿದರು. ಆಮೇಲೊಂದು ದಿನ ಚೋನಾ, "ಬಿಳೀ ಕಾರು, ಮದುಮಗನ ಸೋದರಮಾವನ್ದಂತೆ, ಹಿಂದಿನ ಗಾಜಲ್ಲಿ ಕಾಗದದ ಗುಲಾಬಿ ಕಟ್ಟಿದ್ರಂತೆ" ಎಂದಾಗ ಎಲೋದಿಯಾರ ಕೈಯಲ್ಲಿದ್ದ ಜಪಸರ ನಿಂತಿತು. ಆ ಗುಲಾಬಿಗಳನ್ನು ಕಟ್ಟಿದ್ದು ಅವರೇ.

"ನನ್ನ ಆತ್ಮಕ್ಕೆ ನಾನೇ ಶಾಂತಿ ಬೇಡ್ಕೊಂಡೆನಲ್ಲೋ ರುತೀಲಿಯೋ!" ಎಂದು ನನ್ನ ಅಂಗಡಿಗೆ ಬಂದು ಹೊಟ್ಟೆ ಹಿಡಿದುಕೊಂಡು ನಕ್ಕರು. "ಅದೂ ದುಡ್ಡು ಕೊಟ್ಟು ಬತ್ತಿ ತಗೊಂಡು!"

"ಹೋಗಿ ಹೇಳಿ ಅಕ್ಕ, ನಾನು ಬದುಕಿದೀನಿ ಅಂತ" ಎಂದೆ.

"ಬಿಡೋ. ಇದ್ರೆ ಇರ್ಲಿ. ಸಂತಳಾಗೋಕೆ ಎಷ್ಟು ಕಷ್ಟ ಪಡ್ತಾರೆ ಜನ, ನಂಗೆ ಪುಕ್ಕಟೆ ಸಿಕ್ಕಿದೆ."

ಹೀಗೆ ಅವರು ಸತ್ತವರಾಗಿಯೇ ವರ್ಷಗಟ್ಟಲೆ ಸುಖವಾಗಿದ್ದರು. ಲಿಬ್ರಾದೋ ಕೂಡ ತುಟಿ ಬಿಚ್ಚಲಿಲ್ಲ. ಗೂಡಿನ ಮುಂದೆ ಹಾದುಹೋಗುವಾಗ, ಯಾರಿಗೂ ಅನುಮಾನ ಬರದಿರಲೆಂದು, ತಾನೂ ಒಂದು ಕಲ್ಲನ್ನು ಆ ವೀಲ್ ಕ್ಯಾಪಿಗೆ ಬೀಸಿ ಹೋಗುತ್ತಿದ್ದ. ನಮ್ಮ ಕೇರಿಯಲ್ಲಿ ಅವನಷ್ಟು ಗುರಿ ಯಾರದೂ ಇರಲಿಲ್ಲ.

ಇದೆಲ್ಲ ಕೆಟ್ಟದ್ದು ಆಮೇಲೆ, ಗೋಡೆಗೆ ಚಿತ್ರ ಬರೆಸೋಣ ಎಂದು ಕೇರಿಯವರಿಗೆ ಹುಮ್ಮಸ್ಸು ಬಂದಾಗ.

ಇತ್ಸೆಲ್ ಎಂಬ ಹುಡುಗಿಗೆ ಆ ಕೆಲಸ ಕೊಟ್ಟರು. ನಮ್ಮ ಕೇರಿಯವಳೇ, ಬಣ್ಣ ಮೆತ್ತಿದ ಪ್ಯಾಂಟು, ಕಿವಿಯಲ್ಲಿ ಪೆನ್ಸಿಲು. ಇಳಿಜಾರಿನ ಗೋಡೆಯುದ್ದಕ್ಕೂ ಮುಳುಗಿದ ಮದುಮಗಳ ಕತೆ ಬರೆಯುತ್ತೇನೆ ಎಂದಳು. ಮದುಮಗಳಿಗೆ ಮುಖ ಬೇಡ, ಮುಸುಕು ಸಾಕು. ಮದುಮಗನಿಗೆ ಮಾತ್ರ ಒಂದು ಮುಖ ಬೇಕು. ಅದನ್ನು ಹುಡುಕುತ್ತಾ ನನ್ನ ಅಂಗಡಿಗೆ ಬಂದಳು. ಕುರ್ಚಿಯಲ್ಲಿ ಲಿಬ್ರಾದೋ ಕೂತಿದ್ದ.

"ತಾತ, ನಿಮ್ ಮೀಸೆ ಏನ್ ಚೆನ್ನಾಗಿದೆ!" ಎಂದಳು. "ಮದುಮಗ ಆಗ್ತೀರಾ?"

ಏನು ಹೇಳುತ್ತಾನೋ ಎಂದು ನಾನು ಕತ್ತರಿ ನಿಲ್ಲಿಸಿದೆ. ಆ ಆಸಾಮಿ ಕನ್ನಡಿಯಲ್ಲಿ ತನ್ನ ಮೀಸೆ ನೋಡಿಕೊಂಡು, "ಆಗಬಹುದು" ಎಂದುಬಿಟ್ಟ! ಹೊಗಳಿದರೆ ಕರಗದ ಗಂಡಸು ಎಲ್ಲಿದ್ದಾನೆ ಹೇಳಿ. ಇತ್ಸೆಲ್ ಅವನ ಕೈಗೊಂದು ಖಾಲಿ ಬಾಟಲಿ ಕೊಟ್ಟು, ಗೋಡೆಯ ಪಕ್ಕ ನಿಲ್ಲಿಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ವಯಸ್ಸು ಕಳೆದು ಬರೆದಳು, ಆದರೆ ಮೀಸೆ ಅದೇ, ಮೂಗು ಅದೇ, ನಿಲ್ಲುವ ಭಂಗಿ ಅದೇ. ಕೈಯಲ್ಲಿ ಬಾಟಲಿ, ಕಣ್ಣು ಅರೆಮುಚ್ಚಿದೆ.

ಎಲೋದಿಯಾ ಹಿಟ್ಟು ತರಲು ಹೋಗುವಾಗ ಅದನ್ನು ನೋಡಿದರು. ಹೋದ ದಾರಿಯಲ್ಲೇ ತಿರುಗಿ ನೇರ ನನ್ನ ಅಂಗಡಿಗೆ ನುಗ್ಗಿದರು.

"ನನ್ನನ್ನ ಸಾಯ್ಸಿದ್ರು, ಸುಮ್ನಿದ್ದೆ. ಇವನನ್ನ ಕುಡುಕ ಅಂದ್ರು, ಹೆಸರಿಲ್ಲದ ಕುಡುಕ ತಾನೇ ಅಂತ ಸುಮ್ನಿದ್ದೆ. ಈಗ ಇವನ ಮುಖಾನೇ ಹಾಕ್ತಿದಾರಲ್ಲೋ!" ಎಂದರು. "ನಾಳೆ ನಾವಿಬ್ರೂ ಹೋಗ್ತೀವಿ. ಉಳಿಯೋದು ಆ ಗೋಡೆ. ನನ್ನ ಮರಿಮಕ್ಕಳು ಅದರ ಮುಂದೆ ನಿಂತು ನಮ್ಮಜ್ಜ ಕುಡುಕ ಅಂತಾರೆ. ಜನ್ಮದಲ್ಲಿ ಒಂದು ತೊಟ್ಟು ಮುಟ್ಟದವನನ್ನ!"

"ಅವನನ್ನೇ ಕೇಳಿ ಅಕ್ಕ, ಬೇಡ ಅನ್ನಲಿ."

"ಕೇಳ್ದೆ. ಬಾಟಲಿ ಇದ್ರೆ ಇರ್ಲಿ ಬಿಡು ಅಂತಾನೆ."

ಆ ಬಾಟಲಿ ಗೋಡೆಯಿಂದ ಹೋಗಬೇಕು. ಬಣ್ಣ ಹಚ್ಚುವ ಮೊದಲು ಹೋಗಬೇಕು. ಎಲೋದಿಯಾರಿಗೆ ಅಲ್ಲಿಂದ ಮುಂದೆ ಊಟ ನಿದ್ದೆಯಲ್ಲೂ ಅದೊಂದೇ ಧ್ಯಾನವಾಯಿತು.

ಜೂನಿನಲ್ಲಿ ಸಂತ ಹುವಾನರ ಹಬ್ಬ ಬಂತು. ನಮ್ಮಲ್ಲಿ ಆ ದಿನದಿಂದ ಮಳೆ ಕಾಯಲು ಶುರು. ಹೆಂಗಸರು ಅಂದು ಕೂದಲ ತುದಿ ಕತ್ತರಿಸಿಕೊಂಡರೆ ಸೊಂಟದವರೆಗೆ ಬೆಳೆಯುತ್ತದೆ ಎಂಬ ನಂಬಿಕೆ. ವರ್ಷವಿಡೀ ಗಂಡಸರ ಗಡ್ಡ ಕೆರೆಯುವ ನನ್ನ ಅಂಗಡಿ ಅಂದೊಂದು ದಿನ ಹೆಂಗಸರಿಂದ ತುಂಬಿ ತುಳುಕುತ್ತದೆ. ಕುರ್ಚಿಯಲ್ಲಿ ಎಲೋದಿಯಾ ಕೂತಿದ್ದರು. ಸರದಿಯಲ್ಲಿ ಚೋನಾ, ಇತ್ಸೆಲ್, ಇನ್ನೂ ಹತ್ತೆಂಟು ಮಂದಿ. ಮೂಲೆಯಲ್ಲಿ ಲಿಬ್ರಾದೋ ಪತ್ರಿಕೆ ಓದುತ್ತಿದ್ದ.

"ಆ ಮುಳುಗಿದವಳು ನಾನೇ" ಎಂದರು ಎಲೋದಿಯಾ, ಪೀಠಿಕೆ ಗೀಠಿಕೆ ಏನಿಲ್ಲ.

ಮೊದಲು ಬಾಯಿ ಬಿಟ್ಟವಳು ಚೋನಾ. "ಅಯ್ಯೋ ದೇವರೇ... ಬಿಸಿಲು ತಲೆಗೇರಿದೆ ಇವಳಿಗೆ. ರುತೀಲಿಯೋ, ಒಂದ್ ಚೊಂಬು ತಣ್ಣೀರು ಹಾಕಪ್ಪ."

"ನೀರೂ ಬೇಡ ಗೀರೂ ಬೇಡ. ಮದುಮಗಳು ನಾನು. ಮುಳುಗ್ಲಿಲ್ಲ. ಮದುಮಗ ಅಲ್ಲಿ ಕೂತಿದಾನೆ. ಅವನು ಕುಡಿದಿರ್ಲಿಲ್ಲ."

"ನೀನಾ?" ಚೋನಾ ಎದ್ದು ನಿಂತಳು. "ನನ್ ಮಂಡಿ ನೋವು ವಾಸಿ ಮಾಡಿದ್ದು ನೀನಾ? ನನ್ ತಂಗಿ ಮಗನಿಗೆ ಈ ದೇಶದ ಕಾಗದಪತ್ರ ಮಾಡ್ಸಿಕೊಟ್ಟಿದ್ದು ನೀನಾ? ಹೋದ ಕ್ರಿಸ್‌ಮಸ್‌ಗೆ ತಗೊಂಡು ಹೋದ ನನ್ ಹಂಡೆ ಇನ್ನೂ ವಾಪಸ್ ಕೊಟ್ಟಿಲ್ಲ, ನೀನು ಪವಾಡ ಮಾಡ್ತೀಯಾ?"

ಅಂಗಡಿಗೆ ಅಂಗಡಿಯೇ ನಕ್ಕಿತು. ಇತ್ಸೆಲ್ ಮಾತ್ರ ಮೆತ್ತಗೆ, "ಅಜ್ಜಿ, ಬೇಜಾರ್ ಮಾಡ್ಕೋಬೇಡಿ. ಕತೇಲಿ ಅವಳು ಸಾಯ್ತಾಳೆ" ಎಂದಳು.

"ಸಾಯ್ತಾಳಂತೆ! ಸತ್ತಿದ್ರೆ ಇಲ್ಲಿ ಕೂತು ನಿಮ್ ಹತ್ರ ಜಗಳ ಆಡ್ತಿದ್ನಾ?"

"ಸರಿ, ಕುಡೀದೇ ಇದ್ದೋರು ನೀರಿಗೆ ಯಾಕೆ ಇಳಿಸಿದ್ರು?"

"ಎಲ್ರೂ ಯಾಕೆ ಇಳಿಸ್ತಾರೋ ಅದಕ್ಕೇ. ಮುಂದೆ ಬಸ್ಸು ಹೋಯ್ತು."

ಇದಕ್ಕೆ ಒಂದಿಬ್ಬರು ತಲೆಯಾಡಿಸಿದರು. ಅವರ ಮನೆಗಳಲ್ಲೂ ಬಸ್ಸಿನ ಹಿಂದೆ ಹೋದವರು ಇದ್ದರು. "ಹಾಗಾದ್ರೆ ಹೊರಗೆ ಹೇಗೆ ಬಂದ್ರಿ ಅಜ್ಜಿ?" ಎಂದು ಇತ್ಸೆಲ್ ಕಿವಿಯಿಂದ ಪೆನ್ಸಿಲು ತೆಗೆದಳು.

ಅಲ್ಲಿಯವರೆಗೆ ಪಟಪಟ ಎನ್ನುತ್ತಿದ್ದ ಎಲೋದಿಯಾರ ಬಾಯಿಗೆ ಬೀಗ ಬಿತ್ತು. ಕನ್ನಡಿಯಲ್ಲಿ ನಾನು ನೋಡಿದೆ. ಅವರ ಕಣ್ಣು ಗಂಡನ ಕಡೆ ಹೋಯಿತು. ಲಿಬ್ರಾದೋ ಪತ್ರಿಕೆಯನ್ನು ಮುಖದ ಮಟ್ಟಕ್ಕೆ ಎತ್ತಿಕೊಂಡ.

"ಬಂದ್ವಿ" ಎಂದರು ಎಲೋದಿಯಾ.

"ಈಜಿಕೊಂಡಾ? ಯಾರಾದ್ರೂ ಎಳೆದ್ರಾ?"

"ಬಂದ್ವಿ ಅಂದ್ನಲ್ಲ!"

"ನೋಡಿದ್ರಾ?" ಚೋನಾ ತೊಡೆ ತಟ್ಟಿದಳು. "ಸುಳ್ಳು ಹೇಳೋಕೂ ಸರಿಯಾಗಿ ಬರಲ್ಲ ಪಾಪ. ಹೋಗ್ಲಿ ಬಿಡಿ, ವಯಸ್ಸಾಯ್ತು."

ಅಂದು ಎಲ್ಲರೂ ಹೋದ ಮೇಲೆ, ಗಂಡನನ್ನೂ ಮನೆಗೆ ಅಟ್ಟಿ, ಎಲೋದಿಯಾ ಕುರ್ಚಿ ಬಿಟ್ಟು ಏಳಲಿಲ್ಲ. ನಾನು ನೆಲದ ಮೇಲಿನ ಕೂದಲು ಗುಡಿಸುತ್ತಿದ್ದೆ.

"ಪಾದ್ರಿಗೆ ಹೇಳೋದೂ ಕ್ಷೌರದವನಿಗೆ ಹೇಳೋದೂ ಒಂದೇ ಅಂತಾರೆ, ಹೌದೇನೋ?"

"ಹೌದು ಅಕ್ಕ. ಪಾದ್ರಿ ಪ್ರಾಯಶ್ಚಿತ್ತ ಕೊಡ್ತಾರೆ, ನಾನು ಕೊಡಲ್ಲ."

ಆಗ ಹೇಳಿದರು. ಕಾರು ಸೇತುವೆಯ ಕೆಳಗೆ ಕೆಮ್ಮಿ ನಿಂತಿತು. ಬಾಗಿಲು ತೆಗೆದು ಇಳಿದರೆ ಎಲೋದಿಯಾರಿಗೆ ಎದೆಮಟ್ಟ, ಲಿಬ್ರಾದೋಗೆ ಗಂಟಲಮಟ್ಟ, ನೀರು ಇನ್ನೂ ಏರುತ್ತಿದೆ. ಮದುಮಗನಿಗೆ ಈಜು ಬರುವುದಿಲ್ಲ. ಕಾರಿನ ಕನ್ನಡಿ ಹಿಡಿದುಕೊಂಡು, ಕಣ್ಣು ಮುಚ್ಚಿ, ಅಮ್ಮಾ ಅಮ್ಮಾ ಎಂದು ಕೂಗುತ್ತಿದ್ದಾನೆ. ಎಲೋದಿಯಾ ಅವನ ಕೈ ಬಿಡಿಸಿ, ತನ್ನ ಕುತ್ತಿಗೆಗೆ ಹಾಕಿಕೊಂಡು, ಬೆನ್ನ ಮೇಲೆ ಹೊತ್ತರು. ಬಿಳಿ ಉಡುಪು ಕಾಲಿಗೆ ಸುತ್ತಿಕೊಳ್ಳುತ್ತಿತ್ತು, ಮುಸುಕು ಎಲ್ಲೋ ಹೋಯಿತು. ಗೋಡೆ ಹಿಡಿದು ಹೆಜ್ಜೆ ಹೆಜ್ಜೆಗೂ ಜಾರುತ್ತಾ ಆಚೆ ಇಳಿಜಾರು ಹತ್ತಿಸಿ ಅವನನ್ನು ಕೆಳಗಿಳಿಸಿದರು. ಮಳೆಗೆ ಹೆದರಿ ಜನವೆಲ್ಲ ಚರ್ಚಿನೊಳಗಿತ್ತು, ರಸ್ತೆಯಲ್ಲಿ ನರಪಿಳ್ಳೆ ಇರಲಿಲ್ಲ. ಚರ್ಚಿನ ಹಿಂಬಾಗಿಲಲ್ಲಿ ಲಿಬ್ರಾದೋ ಅವರ ಕೈ ಹಿಡಿದು, "ಯಾರಿಗೂ ಹೇಳಲ್ಲ ಅಂತ ಆಣೆ ಮಾಡು" ಎಂದ. ಆಣೆ ಮಾಡಿದರು. ಗಂಡನಿಗೆ ಕೊಟ್ಟ ಮೊದಲ ಮಾತು ಅದು, ಮದುವೆಯ ಮಾತು ಆಮೇಲೆ. ಕಾರು ಹೇಗೆ ಮುಳುಗಿತೋ ಎಂದು ಲಿಬ್ರಾದೋನ ತಮ್ಮಂದಿರು ಕೇಳಿದಾಗ ಅವನೇ ಬಾಯಿಗೆ ಬಂದದ್ದು ಹೇಳಿದ, ಸ್ವಲ್ಪ ಕುಡಿದಿದ್ದೆ ಎಂದು. ಕುಡುಕನ ಕತೆ ಹುಟ್ಟಿದ್ದು ಅಲ್ಲಿ.

"ಕುಡಿದು ಮುಳುಗಿಸ್ದ ಅಂದ್ರೆ ಗಂಡಸರು ಬೆನ್ನು ತಟ್ತಾರಂತೆ, ಹೆಂಡ್ತಿ ಹೊತ್ಕೊಂಡು ಬಂದ್ಳು ಅಂದ್ರೆ ಸಾಯೋವರೆಗೂ ಆಡ್ಕೋತಾರಂತೆ" ಎಂದರು ಎಲೋದಿಯಾ. ಆಮೇಲೆ, "ತೋರ್ತಿಯಾ ತಟ್ಟೋದು ಯಾರ್ ಬೇಕಾದ್ರೂ ಮಾಡ್ತಾರೆ. ನನ್ ಜನ್ಮದಲ್ಲಿ ನಾನು ಮಾಡಿದ ದೊಡ್ಡ ಕೆಲಸ ಅದೊಂದೇ ಕಣೋ. ಅದನ್ನ ನೋಡಿದೋರು ಯಾರೂ ಇಲ್ಲ. ನೋಡಿದ ಒಬ್ಬನೂ ಕಣ್ಣು ಮುಚ್ಕೊಂಡಿದ್ದ" ಎಂದರು. ನಗುತ್ತಲೇ ಹೇಳಿದರು, ಆದರೆ ಕಣ್ಣು ಒರೆಸಿಕೊಳ್ಳಲು ನನ್ನ ಟವೆಲ್ಲನ್ನೇ ಎಳೆದುಕೊಂಡರು.

ನನಗೆ ಮೈಯೆಲ್ಲ ಉರಿದುಹೋಯಿತು. ಮುಂದಿನ ಶನಿವಾರ ಲಿಬ್ರಾದೋ ಬಂದಾಗ ನೊರೆ ಹಚ್ಚಿ, ಗಲ್ಲ ಎತ್ತಿ, ಗಂಟಲ ಮೇಲೆ ಕತ್ತಿ ಇಟ್ಟು ಮಾತು ಶುರುಮಾಡಿದೆ. ಆಗ ಯಾರೂ ಎದ್ದು ಹೋಗುವಂತಿಲ್ಲ.

"ಏನ್ ಯಜಮಾನ್ರೇ, ಗೋಡೆ ಮೇಲೆ ಬಾಟಲಿ ಹಿಡ್ಕೊಂಡು ಶಾಶ್ವತ ಆಗ್ತೀರಂತೆ?"

"ಅವಳು ಹೇಳಿದ್ಲಾ ನಿಂಗೆ?"

"ಹೇಳಿದ್ರು. ಒಳ್ಳೇದಾಯ್ತು."

ಲಿಬ್ರಾದೋ ಕತ್ತಿಯ ಕೆಳಗೇ ನಿಟ್ಟುಸಿರು ಬಿಟ್ಟ. "ನನ್ ತಮ್ಮಂದಿರು ನಿಂಗೆ ಗೊತ್ತಲ್ಲ. ಆಡ್ಕೊಳ್ಳೋಕೆ ಒಂದ್ ಸಲ ಸಿಕ್ಕಿದ್ರೆ ಸಾಕಿತ್ತು ಅವರಿಗೆ."

"ಅವರು ತೀರಿಹೋಗಿ ಎಷ್ಟು ವರ್ಷ ಆಯ್ತು?"

"ಆಯ್ತು ಬಹಳ ವರ್ಷ."

"ಮತ್ತೆ ಈಗ ಯಾರಿಗೆ ಹೆದರ್ತೀಯ ಮಾರಾಯ?"

ಕ್ಷೌರ ಮುಗಿದು ಮುಖ ಒರೆಸಿಕೊಂಡು ಹೋಗುವಾಗ, ಅಭ್ಯಾಸಬಲ, ಗೂಡಿನ ಮುಂದೆ ಬಗ್ಗಿ ಕಲ್ಲು ಎತ್ತಿಕೊಂಡ. ಎಸೆಯದೆ ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದು ಜೇಬಿಗೆ ಹಾಕಿಕೊಂಡು ಹೋದ.

ಇತ್ಸೆಲ್ ಬಣ್ಣದ ಡಬ್ಬಗಳನ್ನು ತಂದಿಳಿಸಿದ ದಿನವೇ ಮಳೆ ಬಂತು. ಮೊದಲು ಒದ್ದೆ ಪೊದೆಗಳ ವಾಸನೆ, ಆಮೇಲೆ ಗಾಳಿ, ಆಮೇಲೆ ಎದುರಿನ ಮನೆ ಕಾಣದಷ್ಟು ನೀರು. ಅರ್ಧ ಗಂಟೆ ಹೊಡೆದು ಏನೂ ಆಗದಂತೆ ಬಿಸಿಲು ಬಿತ್ತು. ಕೇರಿಗೆ ಕೇರಿಯೇ ಕೆರೆ ನೋಡಲು ಇಳಿಜಾರಿನಲ್ಲಿ ನೆರೆಯಿತು. ಸೇತುವೆಯ ಕೆಳಗೆ ಆಗಲೇ ಒಂದು ಕೆಂಪು ಕಾರು ಅರ್ಧ ಮುಳುಗಿ ನಿಂತಿತ್ತು. ಯಾರೋ ಊರಿಗೆ ಹೊಸಬ, ನೆತ್ತಿಯ ಮೇಲೆ ಕೂತು ಫೋನಿನಲ್ಲಿ ಮಾತಾಡುತ್ತಿದ್ದ. "ಬಸ್ಸಿನ ಹಿಂದೆ ಬಂದ್ಯಾ?" ಎಂದು ಜನ ಇಲ್ಲಿಂದ ಕೂಗಿದರೆ, ಪಾಪ, ಹೌದೆಂದು ತಲೆಯಾಡಿಸಿದ. ಚಪ್ಪಾಳೆ ಬಿತ್ತು. ಅಗ್ನಿಶಾಮಕದವರು ದೋಣಿಯೊಂದಿಗೆ ಬರುವವರೆಗೆ ಚೋನಾಳಿಗೆ ಭರ್ಜರಿ ವ್ಯಾಪಾರ.

ಗೋಡೆ ಮಾತ್ರ ತೊಳೆದು ಇಟ್ಟಂತಿತ್ತು. ಸೀಮೆಸುಣ್ಣದ ಗೆರೆ ಒಂದೂ ಉಳಿದಿರಲಿಲ್ಲ, ಮದುಮಗನೂ ಇಲ್ಲ, ಬಾಟಲಿಯೂ ಇಲ್ಲ.

"ಪರವಾಗಿಲ್ಲ, ಮೊದಲಿಂದ ಬರೀತೀನಿ" ಎಂದು ಇತ್ಸೆಲ್ ಗೋಡೆ ಒರೆಸಿದಳು. ಗುಂಪಿನಲ್ಲಿದ್ದ ಲಿಬ್ರಾದೋನನ್ನು ಕರೆದು ಬಾಟಲಿ ಕೈಗಿಟ್ಟಳು. "ತಾತ, ಇನ್ನೊಂದ್ ಸಲ ನಿಂತ್ಕೊಳ್ಳಿ."

ಲಿಬ್ರಾದೋ ಬಾಟಲಿಯನ್ನು ನೋಡಿದ, ಗುಂಪನ್ನು ನೋಡಿದ, ಹೋಗಿ ನಿಂತುಕೊಂಡ. ಇಷ್ಟು ಜನರ ಮುಂದೆ ಆಗುವುದಿಲ್ಲ ಎನ್ನಲು ಅವನ ನಾಲಿಗೆ ಹೊರಳಲಿಲ್ಲ.

"ಮೊದಲ ಮಳೆ ಕಲ್ಲು!" ಎಂದು ಚೋನಾ ಕೂಗಿದಳು. ವೀಲ್ ಕ್ಯಾಪಿನ ಬದಲು ಸಾಕ್ಷಾತ್ ಮದುಮಗನೇ ನಿಂತಿರುವಾಗ ಯಾರು ಬಿಡುತ್ತಾರೆ? ಕಡಲೆಯಷ್ಟು ಸಣ್ಣ ಕಲ್ಲು, ಎಲ್ಲ ತಮಾಷೆಗೆ. "ತಗೋ ಕುಡುಕ!" ಎಂದು ಒಬ್ಬೊಬ್ಬರೇ ಅವನ ಕಾಲ ಬಳಿ ಬೀಸಿದರು. ಲಿಬ್ರಾದೋನೂ ಹಲ್ಲು ಬಿಟ್ಟುಕೊಂಡು ನಿಂತಿದ್ದ. ಎಲೋದಿಯಾ ಮೇಲಿನಿಂದ ಇದನ್ನು ನೋಡಿ, ಕೈಯ ಹಿಟ್ಟನ್ನೂ ತೊಳೆಯದೆ, ಜನವನ್ನು ಆಚೆ ಈಚೆ ನೂಕಿಕೊಂಡು ಬಂದು ಗಂಡನ ಮುಂದೆ ಅಡ್ಡ ನಿಂತರು.

ಚೋನಾಳ ಎರಡನೇ ಕಲ್ಲು ಆಗಲೇ ಕೈ ಬಿಟ್ಟಿತ್ತು. ಅದು ಎಲೋದಿಯಾರ ಕೆನ್ನೆಗೆ ಬಡಿಯಿತು.

ನಗು ನಿಂತಿತು. ಅವರ ಬೆನ್ನ ಹಿಂದಿದ್ದ ಲಿಬ್ರಾದೋಗೆ ಏನಾಯಿತೆಂದು ಕಾಣಲಿಲ್ಲ, ಸುತ್ತಿ ಮುಂದೆ ಬಂದು ನೋಡಬೇಕಾಯಿತು. ಕೆನ್ನೆಯ ಮೇಲೆ ಒಂದು ಕೆಂಪು ಚುಕ್ಕೆ ಎದ್ದಿತ್ತು. ಅವನು ಅದನ್ನು ಬೆರಳಿಂದ ಮುಟ್ಟಿ ನೋಡಿದ. ಬಾಟಲಿಯನ್ನು ನೆಲದ ಮೇಲಿಟ್ಟ.

"ಸಾಕು ನಿಲ್ಸಿ" ಎಂದ. ಅವನ ದನಿ ಅಷ್ಟು ದೊಡ್ಡದಿದೆ ಎಂದು ನನಗೆ ಅವತ್ತೇ ಗೊತ್ತಾದದ್ದು. "ಆ ಮದುಮಗ ನಾನೇ. ಮದುಮಗಳು ಇವಳು. ಸಂತ ಹುವಾನರ ಹಬ್ಬದ ದಿನ ಇವಳು ಹೇಳಿದ್ದು ನಿಜ. ಕುಡಿದಿರ್ಲಿಲ್ಲ ನಾನು."

"ಬೇಡ ಬಿಡು ಮುದುಕಾ" ಎಂದರು ಎಲೋದಿಯಾ ಮೆಲ್ಲಗೆ.

"ಬಿಡಲ್ಲ. ನಂಗೆ ಈಜು ಬರಲ್ಲ. ಈಗ್ಲೂ ಬರಲ್ಲ. ನೀರು ಗಂಟಲಿಗೆ ಬಂತು, ಅಳ್ತಾ ನಿಂತ್ಕೊಂಡೆ, ನಮ್ಮಮ್ಮನ್ನ ಕೂಗ್ತಾ ನಿಂತ್ಕೊಂಡೆ. ಇವಳು ನನ್ನ ಬೆನ್ನ ಮೇಲೆ ಹೊತ್ಕೊಂಡು ಆಚೆಗೆ ತಂದ್ಳು. ಮದುವೆ ಬಟ್ಟೇಲಿ. ಯಾರಿಗೂ ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡೆ. ಇಷ್ಟು ವರ್ಷ ನೀವು ನನ್ನ ಕುಡುಕ ಅಂದ್ರಿ, ಇವಳನ್ನ ಸುಳ್ಳಿ ಅಂದ್ರಿ, ಆದ್ರೂ ಹೇಳ್ಲಿಲ್ಲ ನನ್ ಹೆಂಡ್ತಿ."

ಯಾರೋ ಹಿಂದಿನಿಂದ ಕಿಸಕ್ಕೆಂದರು. ಆಮೇಲೆ ಇನ್ನೊಬ್ಬರು. ಆಮೇಲೆ ಇಡೀ ಇಳಿಜಾರು ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ. ಲಿಬ್ರಾದೋನ ಕಿವಿ ಕೆಂಪಾಯಿತು, ಮೀಸೆ ಅದುರಿತು, ಆದರೆ ಅವನು ತಲೆ ತಗ್ಗಿಸಲಿಲ್ಲ. ಇಷ್ಟು ವರ್ಷ ಯಾವುದಕ್ಕೆ ಹೆದರಿದ್ದನೋ ಅದನ್ನು ನಿಂತು ಪೂರ್ತಿ ಮೈಮೇಲೆ ಹಾಕಿಕೊಂಡ. ಎಲೋದಿಯಾ ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡು ಮುಖವೆಲ್ಲ ಬಿಳಿ ಮಾಡಿಕೊಂಡರು.

ಚೋನಾ ಒಂದು ಹಿಡಿ ಐಸು ತಂದು ಅವರ ಕೆನ್ನೆಗೆ ಒತ್ತಿದಳು. ಏನೋ ಯೋಚಿಸುತ್ತಿದ್ದಳು. "ಹಾಗಾದ್ರೆ ನನ್ ಮಂಡಿ?"

"ನಿನ್ ಮಂಡಿ ವಿಷಯ ನಂಗೊತ್ತಿಲ್ಲ ಚೋನಾ. ಹಂಡೆ ನಾಳೆ ಕಳಿಸ್ತೀನಿ."

"ನೀರಲ್ಲಿ ಮುಳುಗೋದು ಯಾರ್ ಬೇಕಾದ್ರೂ ಮುಳುಗ್ತಾರೆ" ಎಂದು ಚೋನಾ ಜನರ ಕಡೆ ತಿರುಗಿದಳು. "ಗಂಡನ್ನ ಹೊತ್ಕೊಂಡು ಬರೋದು ಅಂದ್ರೆ ಸುಮ್ನೇನಾ? ಇದಕ್ಕೆ ಇನ್ನೂ ದೊಡ್ಡ ಬತ್ತಿ ಬೇಕು." ಅವಳ ವ್ಯಾಪಾರಬುದ್ಧಿಗೆ ನಮಸ್ಕಾರ.

ಇತ್ಸೆಲ್ ಗೋಡೆಯ ಮುಂದೆ ಸೀಮೆಸುಣ್ಣದ ಕಡ್ಡಿ ಹಿಡಿದು ತಬ್ಬಿಬ್ಬಾಗಿದ್ದಳು. "ಬೆನ್ನ ಮೇಲೆ ಅಂದ್ರೆ ಹೇಗೆ ತಾತ? ಕಣ್ಣಾರೆ ನೋಡದೆ ಬರೆಯೋಕೆ ಬರಲ್ಲ ನಂಗೆ."

ಎಲ್ಲರೂ ಲಿಬ್ರಾದೋನನ್ನು ನೋಡಿದರು. ಅವನು ಹೆಂಡತಿಯನ್ನು ನೋಡಿದ. "ತಿರುಗು" ಎಂದ.

"ಏನು, ಇಲ್ಲೇನಾ?"

"ಇಲ್ಲೇ. ತಿರುಗೇ."

ಅವನು ಪಕ್ಕದ ಕಟ್ಟೆ ಹತ್ತಿ ನಿಂತು ಎರಡೂ ಕೈಗಳನ್ನು ಅವರ ಕುತ್ತಿಗೆಗೆ ಹಾಕಿದ. ಎಲೋದಿಯಾ ಬಗ್ಗಿ, ಮೂಟೆ ಎತ್ತುವಾಗ ಮಾಡುವಂತೆ ಒಂದು ಸಲ ಹೂಂ ಎಂದು, ಎದ್ದು ನಿಂತರು. ಗಂಡ ಬೆನ್ನ ಮೇಲಿದ್ದ, ಕಾಲು ಎರಡೂ ಕಡೆ ಇಳಿಬಿದ್ದು, ಮುಖವನ್ನು ಅವರ ಜಡೆಯೊಳಗೆ ಹುದುಗಿಸಿಕೊಂಡು. ಇತ್ಸೆಲ್ ಸರಸರ ಗೆರೆ ಎಳೆದಳು.

"ಆಯ್ತು ಅಜ್ಜಿ, ಸಾಕು, ಇಳಿಸಿ."

"ಇಳಿಸೇ, ಆಯ್ತಂತಲ್ಲ" ಎಂದ ಲಿಬ್ರಾದೋ ಜಡೆಯೊಳಗಿನಿಂದಲೇ.

"ಇಳಿಸಲ್ಲ" ಎಂದರು ಎಲೋದಿಯಾ. "ಅವತ್ತು ಯಾರೂ ನೋಡ್ಲಿಲ್ಲ. ಈಗ ನೋಡ್ಲಿ."

ಹೇಳಿ, ಇಳಿಜಾರು ಹತ್ತಲು ಶುರು ಮಾಡಿದರು. ಜನ ಎರಡು ಕಡೆ ಸರಿದು ದಾರಿ ಬಿಟ್ಟರು. ಮೊದಲು ಚಪ್ಪಾಳೆ ಹೊಡೆದವನು ಕೆಂಪು ಕಾರಿನ ನೆತ್ತಿಯ ಮೇಲೆ ಕೂತ ಆ ಹೊಸಬ, ಏನು ನಡೆಯುತ್ತಿದೆ ಎಂದು ತಿಳಿಯದೆಯೇ. ಆಮೇಲೆ ಎಲ್ಲರೂ. ನಾನು ಓಡಿಹೋಗಿ ಅಂಗಡಿಯ ಕುರ್ಚಿಯನ್ನು ಹೊರಗೆ ಎಳೆದು ಹಾಕಿದೆ, ಮುದುಕಿ ಎಲ್ಲಿ ಬೀಳುತ್ತಾಳೋ ಎಂದು. ಎಲೋದಿಯಾ ಏದುಸಿರು ಬಿಡುತ್ತಾ, ಬೆವರು ಸುರಿಸುತ್ತಾ, ಬಾಯಿ ತುಂಬ ನಗುತ್ತಾ ಕುರ್ಚಿಯನ್ನು ದಾಟಿ ಮುಂದೆ ನಡೆದರು. ಅಷ್ಟು ಹೊತ್ತಿಗೆ ಲಿಬ್ರಾದೋ ಜಡೆಯಿಂದ ಮುಖ ಎತ್ತಿದ್ದ. ಒಂದು ಕೈ ಬಿಡಿಸಿಕೊಂಡು, ಮದುವೆಯ ಮೆರವಣಿಗೆಯಲ್ಲಿ ಮದುಮಗ ಮಾಡುವಂತೆ, ನಮಗೆಲ್ಲ ಕೈ ಬೀಸಿದ.